ಹೆರಿಗೆ ಆಗಲಿ, ಮತ್ತೆ ನೋಡುವ

ಮೂರು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ಮಗಳ ವಾಯ್ಸ್ ಮೆಸೇಜ್ ಬಂತು. ಅವಳಿಗೆ ಆಗ ಐದು ತಿಂಗಳು, ಚೊಚ್ಚಲ ಬಸುರಿ. ಗಂಡನ ಮನೆಯಲ್ಲಿದ್ದಳು. ಪಕ್ಕದ ಕೋಣೆಗೆ ಕೇಳಬಾರದೆಂದು ಪಿಸುಗುಟ್ಟಿ ಹೇಳಿದ್ದು ಇಷ್ಟೇ: "ಹಲ್ಲು ನೋವು ತಡೀಲಿಕ್ಕೆ ಆಗ್ತಾ ಇಲ್ಲ. ಇಲ್ಲಿ ಹೇಳಿದ್ರೆ ಹೆರಿಗೆ ಆಗ್ಲಿ, ಮತ್ತೆ ನೋಡುವ ಅಂತಾರೆ. ಏನಾದ್ರೂ ಮನೆಮದ್ದು ಉಂಟಾ?"

ಲವಂಗ ಇಡು, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು ಎಂದು ಹೇಳಿದೆ. ಡಾಕ್ಟರಿಗೆ ತೋರಿಸು ಎಂದು ಹೇಳಲಿಲ್ಲ. ಬಸುರಿ ಹೆಂಗಸು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರಬಾರದು ಎಂಬುದು ನನ್ನ ತಲೆಯಲ್ಲೂ ಕೂತಿತ್ತು. ಮುಂದೆ ಆದದ್ದರಲ್ಲಿ ನನ್ನ ಪಾಲೂ ಉಂಟು. ಇದನ್ನು ಬರೆಯಲು ಅದೇ ಮುಖ್ಯ ಕಾರಣ.

ಮಾರನೇ ದಿನ ಅವಳ ಮೈದುನ ಮೆಡಿಕಲ್‌ನಿಂದ ನೋವಿನ ಮಾತ್ರೆಯ ಸ್ಟ್ರಿಪ್ ತಂದುಕೊಟ್ಟ. "ಹಲ್ಲು ನೋವಿಗೆ" ಎಂದು ಕೇಳಿದ್ದ, ಅಂಗಡಿಯವರು ಕೊಟ್ಟಿದ್ದರು. ಬಸುರಿಗೆ ಎಂದು ಇವನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಾತ್ರೆ ನುಂಗಿದಾಗ ನೋವು ಹೋಗುತ್ತಿತ್ತು, ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಿತ್ತು. ಹೀಗೆಯೇ ಎರಡು ತಿಂಗಳು ಕಳೆಯಿತು. ಏಳನೇ ತಿಂಗಳಲ್ಲಿ ಅಕ್ಕ ಹೋಗಿ ಅವಳನ್ನು ಮನೆಗೆ ಕರಕೊಂಡು ಬಂದಾಗ ಎಡ ಕೆನ್ನೆ ಊದಿತ್ತು. ಪೇಟೆಯ ಒಂದು ಕ್ಲಿನಿಕ್‌ಗೆ ಹೋದರು. ಅಲ್ಲಿ ಹೊಟ್ಟೆ ನೋಡಿದ ಕೂಡಲೇ "ಡೆಲಿವರಿ ಆಗಿ ಬನ್ನಿ" ಎಂದು ಕಳುಹಿಸಿದರು, ಬಾಯಿ ತೆರೆಸಿ ನೋಡಲೂ ಇಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಜ್ವರ ಬಂತು, ಬಾಯಿ ಎರಡು ಬೆರಳಷ್ಟೂ ತೆರೆಯಲಾಗದೆ ಗಂಜಿಯೂ ಇಳಿಯದಾಯಿತು. ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿ, ಕೀವು ತೆಗೆದು, ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಕೊಟ್ಟು, ನಾಲ್ಕನೇ ದಿನ ಆ ದವಡೆ ಹಲ್ಲನ್ನು ಕಿತ್ತರು. ಕೀಳಲು ಹಿಡಿದದ್ದು ಹತ್ತು ನಿಮಿಷ.

ಅಲ್ಲಿನ ಹೆರಿಗೆ ಡಾಕ್ಟರ್ ಸಿಟ್ಟು ಮಾಡಿದ್ದು ಹಲ್ಲಿನ ಬಗ್ಗೆ ಅಲ್ಲ. ಅಕ್ಕನ ಚೀಲದಲ್ಲಿದ್ದ ಮಾತ್ರೆಯ ಸ್ಟ್ರಿಪ್ ನೋಡಿ. "ಹಲ್ಲು ಕೀಳಿಸಿದ್ರೆ ಮಗುವಿಗೆ ಏನಾಗ್ತದೋ ಅಂತ ಹೆದರಿದ್ರಿ. ಇದನ್ನು ಎರಡು ತಿಂಗಳು ನುಂಗಿಸುವಾಗ ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದರು. ಉತ್ತರ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ.

ಅದು ಡೈಕ್ಲೋಫೆನಾಕ್ ಇದ್ದ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಗರ್ಭದ ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿ ಇರುವ, ಹುಟ್ಟಿದ ಮೇಲೆ ತಾನಾಗಿ ಮುಚ್ಚಬೇಕಾದ ಒಂದು ರಕ್ತನಾಳವನ್ನು ಹೊಟ್ಟೆಯಲ್ಲಿರುವಾಗಲೇ ಮುಚ್ಚಿಸಬಲ್ಲವು. ಮಗುವಿನ ಮೂತ್ರಪಿಂಡದ ಕೆಲಸ ಕಡಿಮೆಯಾಗಿ ಗರ್ಭದ ನೀರು ಇಳಿಯುವ ಅಪಾಯವೂ ಉಂಟು. 20 ವಾರ ದಾಟಿದ ಗರ್ಭಿಣಿಯರು ಇಂಥ ಮಾತ್ರೆಗಳಿಂದ ದೂರ ಇರಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಕೆ ಕೊಟ್ಟಿದೆ. 20 ವಾರವೆಂದರೆ ಐದನೇ ತಿಂಗಳು. ನಮ್ಮ ಹುಡುಗಿ ಸ್ಟ್ರಿಪ್ ಒಡೆಯಲು ಶುರು ಮಾಡಿದ್ದೇ ಆಗ. ಅವಳ ಮಗುವಿಗೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಅದರಲ್ಲಿ ನಮ್ಮ ಬುದ್ಧಿವಂತಿಕೆ ಏನೂ ಇರಲಿಲ್ಲ.

ನಾನು ಹೇಳಬೇಕೆಂದಿರುವುದು ಇದೊಂದೇ. ಬಸುರಿ ಹೆಂಗಸಿನ ಹಲ್ಲು ನೋವನ್ನು ಹೆರಿಗೆಯವರೆಗೆ ಮುಂದೂಡುವುದನ್ನು ನಮ್ಮ ಮನೆಗಳಲ್ಲಿ ಜಾಗ್ರತೆ ಎಂದು ತಿಳಿದುಕೊಂಡಿದ್ದೇವೆ. ಅದು ಜಾಗ್ರತೆ ಅಲ್ಲ. ಚಿಕಿತ್ಸೆಗಿಂತ ದೊಡ್ಡ ಅಪಾಯ ಆ ಮುಂದೂಡುವಿಕೆಯಲ್ಲೇ ಉಂಟು.

ನಮ್ಮ ಹೆದರಿಕೆಗಳು ಮೂರು: ಮರಗಟ್ಟಿಸುವ ಇಂಜೆಕ್ಷನ್, ಎಕ್ಸ್‌ರೇ, ಮದ್ದು. ಹಲ್ಲಿನ ಡಾಕ್ಟರ್ ಸಾಮಾನ್ಯವಾಗಿ ಕೊಡುವುದು ಲಿಡೊಕೇನ್ ಎಂಬ ಇಂಜೆಕ್ಷನ್. ಆ ಜಾಗವನ್ನು ಮಾತ್ರ ಮರಗಟ್ಟಿಸುತ್ತದೆ, ಪ್ರಜ್ಞೆ ತಪ್ಪಿಸುವುದಿಲ್ಲ. ಗರ್ಭಿಣಿಯರಿಗೆ ಇದನ್ನು ಕೊಡಬಹುದು. ಎಕ್ಸ್‌ರೇ ಎಂದರೆ ಎದೆಯದ್ದೋ ಹೊಟ್ಟೆಯದ್ದೋ ಅಲ್ಲ, ಒಂದೆರಡು ಹಲ್ಲಿನದ್ದು. ಸೀಸದ ಏಪ್ರನ್ ಹೊದಿಸಿ ತೆಗೆಯುವ ಅಂಥ ಒಂದು ಚಿತ್ರದ ವಿಕಿರಣ, ನಾವೆಲ್ಲ ಮಣ್ಣಿನಿಂದಲೂ ಆಕಾಶದಿಂದಲೂ ಒಂದು ದಿನದಲ್ಲಿ ಸುಮ್ಮನೆ ಪಡೆಯುವ ವಿಕಿರಣಕ್ಕಿಂತ ಕಡಿಮೆ. ಅಗತ್ಯವಿಲ್ಲದೆ ಯಾರೂ ತೆಗೆಯಬೇಕಾಗಿಲ್ಲ, ಅಗತ್ಯ ಬಿದ್ದರೆ ಹೆದರಬೇಕಾಗಿಯೂ ಇಲ್ಲ. ಅಮೆರಿಕದ ಹೆರಿಗೆ ತಜ್ಞರ ಸಂಘಟನೆ 2013ರಲ್ಲೇ ಈ ಎರಡನ್ನೂ ಬರೆದು ಹೇಳಿದೆ. ಗರ್ಭಾವಸ್ಥೆಯಲ್ಲಿ ಹಲ್ಲಿನ ತಪಾಸಣೆ, ಚಿಕಿತ್ಸೆ, ಹೊಟ್ಟೆ ಮತ್ತು ಕತ್ತಿನ ಭಾಗವನ್ನು ಮುಚ್ಚಿ ತೆಗೆಯುವ ಹಲ್ಲಿನ ಎಕ್ಸ್‌ರೇ, ಮರಗಟ್ಟಿಸುವ ಇಂಜೆಕ್ಷನ್ ಸುರಕ್ಷಿತ, ಹೆರಿಗೆ ಡಾಕ್ಟರುಗಳೇ ಗರ್ಭಿಣಿಯರಿಗೆ ಇದನ್ನು ತಿಳಿಸಬೇಕು ಎಂದು.

ಮೂರನೆಯದಾದ ಮದ್ದಿನ ಹೆದರಿಕೆ ನ್ಯಾಯವಾದದ್ದು. ಆದರೆ ಅದನ್ನು ಡಾಕ್ಟರ ಚೀಟಿಯ ಮೇಲೆ ಇಟ್ಟುಕೊಂಡು, ಅಂಗಡಿಯ ಸ್ಟ್ರಿಪ್‌ನ ಮೇಲೆ ಬಿಟ್ಟಿದ್ದೇವೆ. ನೋವಿಗೆ ಮೊದಲ ಆಯ್ಕೆ ಪ್ಯಾರಸಿಟಮಾಲ್, ಅದೂ ಡಾಕ್ಟರು ಹೇಳಿದಷ್ಟು, ಹೇಳಿದಷ್ಟು ದಿನ. ಸೋಂಕು ಇದ್ದರೆ ಅಮೋಕ್ಸಿಸಿಲಿನ್‌ನಂತಹ, ಗರ್ಭಿಣಿಯರಿಗೆ ವರ್ಷಗಳಿಂದ ಕೊಡುತ್ತಾ ಬಂದಿರುವ ಆ್ಯಂಟಿಬಯೋಟಿಕ್‌ಗಳಿವೆ. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್ ಬೇಡ. ಟೆಟ್ರಾಸೈಕ್ಲಿನ್ ಹೊಟ್ಟೆಯೊಳಗಿನ ಮಗುವಿನ ಹಲ್ಲಿಗೆ ಇಳಿದು ಶಾಶ್ವತವಾಗಿ ಹಳದಿ ಕಲೆ ಮಾಡುತ್ತದೆ. ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಮೆಡಿಕಲ್‌ನ ಕೌಂಟರಿನಲ್ಲಿ "ಗರ್ಭಿಣಿಗೆ, ಇಷ್ಟು ತಿಂಗಳು" ಎಂಬ ಮಾತನ್ನು ಮೊದಲು ಹೇಳಿದರೆ ಸಾಕು. ಹಲ್ಲಿನ ಡಾಕ್ಟರ ಎದುರಿಗೂ ಹಾಗೆಯೇ. ಎರಡನೇ ತಿಂಗಳು, ಹೊಟ್ಟೆ ಕಾಣುವುದಿಲ್ಲ, ಹೇಳಲು ನಾಚಿಕೆ ಎಂದು ಸುಮ್ಮನೆ ಕುಳಿತ ಹುಡುಗಿಯರನ್ನು ನಾನೇ ಕಂಡಿದ್ದೇನೆ.

ಯಾವ ತಿಂಗಳಲ್ಲಿ ಹೋಗುವುದು? ನೋವು, ಊತ, ಜ್ವರ, ಕೀವು ಇದ್ದರೆ ಯಾವ ತಿಂಗಳಾದರೂ ಸರಿ, ಕಾಯಬಾರದು. ಸಮಯ ಇರುವಂಥ ಕೆಲಸ, ಅಂದರೆ ಹಲ್ಲು ಕ್ಲೀನ್ ಮಾಡಿಸುವುದು, ಹುಳುಕು ತುಂಬಿಸುವುದು, ರೂಟ್ ಕೆನಾಲ್, ಇವಕ್ಕೆಲ್ಲ ನಾಲ್ಕರಿಂದ ಆರನೇ ತಿಂಗಳು ಅನುಕೂಲ. ಮೊದಲ ಮೂರು ತಿಂಗಳು ವಾಂತಿ, ಸಂಕಟ. ಬಾಯಿಯೊಳಗೆ ಕನ್ನಡಿ ಇಟ್ಟರೂ ಓಕರಿಕೆ ಬರುತ್ತದೆ. ಕೊನೆಯ ಮೂರು ತಿಂಗಳು ಅಂಗಾತ ಮಲಗುವುದೇ ಕಷ್ಟ. ಗರ್ಭದ ಭಾರ ಬೆನ್ನಿನ ಬಳಿಯ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ. ಆಗಲೂ ಬಲ ಸೊಂಟದ ಕೆಳಗೆ ಒಂದು ದಿಂಬು ಇಟ್ಟು ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸಿದರೆ ಚಿಕಿತ್ಸೆ ಮಾಡಬಹುದು.

ಇಲ್ಲಿ ನಮ್ಮ ಮನೆಗಳ ವಿಷಯವೊಂದನ್ನು ಹೇಳಲೇಬೇಕು. ನಾಲ್ಕರಿಂದ ಆರನೇ ತಿಂಗಳು ಹುಡುಗಿ ಎಲ್ಲಿರುತ್ತಾಳೆ? ಗಂಡನ ಮನೆಯಲ್ಲಿ. ಮದುವೆಯಾಗಿ ವರ್ಷವೂ ತುಂಬಿರುವುದಿಲ್ಲ. ಗಂಡ ದಮ್ಮಾಮ್‌ನಲ್ಲೋ ದುಬೈಯಲ್ಲೋ. ಹಲ್ಲು ನೋವು ಎಂದು ಮಾಮಿಯಲ್ಲಿ ಹೇಳಬೇಕು, ಮಾಮಿ ಮಗನಿಗೆ ಫೋನ್ ಮಾಡಬೇಕು, ಮಗ ಡ್ಯೂಟಿ ಮುಗಿಸಿ ಬಂದು "ಡಾಕ್ಟರು ಏನು ಹೇಳ್ತಾರೆ ಕೇಳಿ" ಎನ್ನಬೇಕು, ಕರಕೊಂಡು ಹೋಗಲು ಮೈದುನನಿಗೆ ರಜೆ ಇರಬೇಕು. ಹೊಸ ಮದುಮಗಳು ಹಲ್ಲಿನ ಸಣ್ಣ ನೋವಿಗೆ ಇಷ್ಟೆಲ್ಲ ಮಾಡಿಸಿದಳು ಎಂಬ ಮಾತು ಬರುತ್ತದೋ ಎಂದು ಅವಳೇ ಬಾಯಿ ಮುಚ್ಚಿಕೊಳ್ಳುತ್ತಾಳೆ. ಸ್ಕ್ಯಾನಿಂಗ್‌ಗೆ ಹೋಗುವಾಗ ಯಾರೂ ಅನುಮತಿ ಕೇಳುವುದಿಲ್ಲ, ಅದು ಮಗುವಿನದ್ದು. ಹಲ್ಲು ಅವಳೊಬ್ಬಳದ್ದು. ಅವಳ ಮಾತು ನಡೆಯುವ ಉಮ್ಮನ ಮನೆಗೆ ಬರುವಾಗ ಏಳು ತಿಂಗಳು ದಾಟಿರುತ್ತದೆ, ಅನುಕೂಲದ ಕಾಲ ಮುಗಿದಿರುತ್ತದೆ. ನಮ್ಮ ಅಕ್ಕನ ಮಗಳ ವಿಷಯದಲ್ಲಿ ಆದದ್ದು ಸರಿಯಾಗಿ ಇದೇ. ಅವಳ ಮಾಮಿ ಕೆಟ್ಟವರೂ ಅಲ್ಲ. ಮೊಮ್ಮಗುವಿಗೆ ತೊಂದರೆ ಆಗಬಾರದೆಂದೇ ಬೇಡ ಎಂದದ್ದು.

"ಹೆರಿಗೆ ಆಗಲಿ" ಎನ್ನುವವರಲ್ಲಿ ನನಗೊಂದು ಪ್ರಶ್ನೆ. ಹೆರಿಗೆ ಆದ ಮೇಲೆ ಯಾವಾಗ? ನಲ್ವತ್ತು ದಿನ ಬಾಣಂತಿ ಹೊರಗೆ ಕಾಲಿಡುವಂತಿಲ್ಲ. ಆಮೇಲೆ ಎರಡು ಗಂಟೆಗೊಮ್ಮೆ ಹಾಲು ಕೇಳುವ ಮಗು. ಮಗುವಿನ ಇಂಜೆಕ್ಷನ್, ಮಗುವಿನ ಜ್ವರ, ಗಂಡನ ಮನೆಗೆ ಮರಳುವ ತಯಾರಿ. ಅಷ್ಟರಲ್ಲಿ ಹಲವರಿಗೆ ಇನ್ನೊಂದು. ನನ್ನ ಉಮ್ಮನಿಗೆ ನಲ್ವತ್ತೈದನೇ ವಯಸ್ಸಿಗೆ ದವಡೆಯಲ್ಲಿ ಒಂದು ಹಲ್ಲೂ ಇರಲಿಲ್ಲ. ಕೇಳಿದರೆ "ಹೆತ್ತು ಹೆತ್ತು ಹೋಯ್ತು" ಎನ್ನುತ್ತಿದ್ದರು. ಪ್ರತಿ ಹೆರಿಗೆಗೂ ಒಂದು ಹಲ್ಲು ಲೆಕ್ಕಕ್ಕೆ ಎಂದು ಆ ಕಾಲದ ಹೆಂಗಸರು ನಂಬಿದ್ದರು. ಮಗು ತಾಯಿಯ ಹಲ್ಲಿನಿಂದ ಸುಣ್ಣ ಎಳೆದುಕೊಳ್ಳುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಹಾಗೆ ಆಗುವುದಿಲ್ಲ. ಮಗುವಿಗೆ ಬೇಕಾದ ಕ್ಯಾಲ್ಸಿಯಂ ತಾಯಿ ತಿನ್ನುವ ಆಹಾರದಿಂದ ಬರುತ್ತದೆ, ಅದು ಸಾಲದಿದ್ದರೆ ಮೂಳೆಯಿಂದ. ಒಮ್ಮೆ ಗಟ್ಟಿಯಾದ ಹಲ್ಲಿನಿಂದ ವಾಪಸ್ ತೆಗೆಯಲು ದೇಹದಲ್ಲಿ ದಾರಿಯೇ ಇಲ್ಲ. ಹಲ್ಲು ಹೋದದ್ದು ಹೆತ್ತದ್ದಕ್ಕಲ್ಲ. ಬಸುರಿನಲ್ಲಿ ಊದಿದ ವಸಡನ್ನೂ ಹುಳುಕು ಹಲ್ಲನ್ನೂ ಯಾರೂ ನೋಡದೆ ಬಿಟ್ಟದ್ದಕ್ಕೆ.

ಈ ವಸಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚಿನವರಿಗೆ ತೊಂದರೆ ಶುರುವಾಗುವುದು ಅಲ್ಲಿಂದ. ಬಸುರಿನಲ್ಲಿ ಈಸ್ಟ್ರೊಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಏರುತ್ತವೆ. ವಸಡಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಹಲ್ಲಿನ ಬುಡದಲ್ಲಿ ಕೂತ ಕೊಳೆಗೆ ಬೇರೆ ಸಮಯದಲ್ಲಿ ಸುಮ್ಮನಿರುವ ವಸಡು ಆಗ ಕೆಂಪಾಗಿ ಊದಿಕೊಳ್ಳುತ್ತದೆ, ಬ್ರಶ್ ತಾಗಿದರೆ ರಕ್ತ ಬರುತ್ತದೆ. ಎರಡನೇ ತಿಂಗಳಿನಿಂದ ಶುರುವಾಗಿ ಎಂಟನೇ ತಿಂಗಳವರೆಗೆ ಏರುತ್ತಾ ಹೋಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ 100 ಗರ್ಭಿಣಿಯರಲ್ಲಿ ಸುಮಾರು 60ರಿಂದ 75 ಮಂದಿಗೆ ವಸಡಿನ ಈ ಉರಿಯೂತ ಇರುತ್ತದೆ. ಕೆಲವರಿಗೆ ಎರಡು ಹಲ್ಲಿನ ನಡುವೆ ಕೆಂಪು ಗುಳ್ಳೆಯಂಥದ್ದು ಬೆಳೆಯುತ್ತದೆ. ನೋಡಿದವರು ಕ್ಯಾನ್ಸರ್ ಎಂದು ಹೆದರುತ್ತಾರೆ. ಅದು ಕ್ಯಾನ್ಸರ್ ಅಲ್ಲ, ಹೆಚ್ಚಾಗಿ ಹೆರಿಗೆಯ ನಂತರ ತಾನಾಗಿ ಕುಗ್ಗುತ್ತದೆ. ಆದರೂ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಬೇಕು.

ರಕ್ತ ಕಂಡ ಕೂಡಲೇ ನಾವು ಮಾಡುವುದೇನು? ಬ್ರಶ್ ಬಿಡುತ್ತೇವೆ. ಬೆರಳಿನಲ್ಲಿ ಪೇಸ್ಟ್ ಸವರುತ್ತೇವೆ. ಹಳ್ಳಿ ಕಡೆ ಮಾವಿನ ಎಲೆ, ಉಪ್ಪು, ಮಸಿ. ಕೊಳೆ ಅಲ್ಲೇ ಉಳಿಯುತ್ತದೆ, ವಸಡು ಇನ್ನಷ್ಟು ಊದುತ್ತದೆ, ರಕ್ತ ಇನ್ನಷ್ಟು. ಮಾಡಬೇಕಾದ್ದು ಸರಿಯಾಗಿ ಉಲ್ಟಾ. ಮೆತ್ತಗಿನ ಬ್ರಶ್, ಫ್ಲೋರೈಡ್ ಇರುವ ಪೇಸ್ಟ್, ದಿನಕ್ಕೆ ಎರಡು ಸಲ, ರಾತ್ರಿ ಮಲಗುವ ಮೊದಲಿನದ್ದನ್ನು ತಪ್ಪಿಸದೆ. ಒಮ್ಮೆ ಡಾಕ್ಟರಲ್ಲಿ ಕ್ಲೀನ್ ಮಾಡಿಸಿಕೊಂಡರೆ ಆ ರಕ್ತ ಎಷ್ಟೋ ಕಡಿಮೆಯಾಗುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಎಂಬುದು ಇನ್ನೊಂದು ಮಾತು. ಹಲ್ಲನ್ನು ಹಿಡಿದದ್ದು ಕಲ್ಲಿನಂತಾದ ಕೊಳೆ ಅಲ್ಲ, ಮೂಳೆ. ಆ ಕೊಳೆಯೇ ಮೂಳೆಯನ್ನು ತಿನ್ನುವುದು. ಬಸುರಿನಲ್ಲಿ ಶುಗರ್ ಬಂದವರಂತೂ ವಸಡನ್ನು ನಿರ್ಲಕ್ಷ್ಯ ಮಾಡಲೇಬಾರದು. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಇಳಿಸುವುದು ಕಷ್ಟ.

ವಾಂತಿಯ ಬಗ್ಗೆಯೂ ಒಂದು ಮಾತು. ವಾಂತಿ ಆದ ಕೂಡಲೇ ಬಾಯಿ ಕಹಿ ಎಂದು ಬ್ರಶ್ ತಿಕ್ಕುವವರು ಬಹಳ. ಹೊಟ್ಟೆಯ ಆಮ್ಲ ತಾಗಿ ಮೆದುವಾದ ಹಲ್ಲಿನ ಮೇಲ್ಪದರವನ್ನು ಆಗ ತಿಕ್ಕಿದರೆ ಅದು ಸವೆದು ಹೋಗುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡಿಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ ಉಗಿಯಿರಿ. ಬ್ರಶ್ ಅರ್ಧ ಗಂಟೆ ಕಳೆದ ಮೇಲೆ ಸಾಕು. ಸೋಡಾ ಇಲ್ಲದಿದ್ದರೆ ಬರೀ ನೀರು.

ವಸಡಿನ ರೋಗ ಇದ್ದರೆ ಮಗು ದಿನ ತುಂಬುವ ಮೊದಲೇ ಹುಟ್ಟುತ್ತದೆ ಎಂದು ಈಗ ಮೊಬೈಲ್ ತುಂಬಾ ವೀಡಿಯೊಗಳು ಓಡಾಡುತ್ತಿವೆ. ಇದರ ಬಗ್ಗೆ ಸತ್ಯ ಹೇಳುವುದಾದರೆ, ವಸಡಿನ ರೋಗ ಇರುವವರಲ್ಲಿ ಅಂಥ ಹೆರಿಗೆ ಹೆಚ್ಚು ಕಾಣುತ್ತದೆ ಎಂದು 1996ರಿಂದ ಹಲವು ಅಧ್ಯಯನಗಳು ಹೇಳಿವೆ. ಆದರೆ ಚಿಕಿತ್ಸೆ ಕೊಟ್ಟರೆ ಅದು ತಪ್ಪುತ್ತದೆಯೇ ಎಂದು ಅಮೆರಿಕದಲ್ಲಿ 823 ಗರ್ಭಿಣಿಯರನ್ನು ಎರಡು ಗುಂಪು ಮಾಡಿ ನೋಡಿದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಬಸುರಿನಲ್ಲೇ ವಸಡಿನ ಚಿಕಿತ್ಸೆ ಪಡೆದವರಲ್ಲೂ, ಹೆರಿಗೆಯ ನಂತರ ಪಡೆದವರಲ್ಲೂ, 100ರಲ್ಲಿ ಸುಮಾರು 12 ಮಂದಿಗೆ ಅವಧಿಗೆ ಮೊದಲು ಹೆರಿಗೆಯಾಗಿತ್ತು. ಅಂದರೆ ಚಿಕಿತ್ಸೆಯಿಂದ ಆ ಲೆಕ್ಕ ಇಳಿಯಲಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಅದರ ಇನ್ನೊಂದು ಮಗ್ಗುಲು. ಬಸುರಿನಲ್ಲಿ ಚಿಕಿತ್ಸೆ ಪಡೆದದ್ದರಿಂದ ಆ ಲೆಕ್ಕ ಏರಲೂ ಇಲ್ಲ, ಅವರ ವಸಡು ಮಾತ್ರ ಗುಣವಾಯಿತು. ಮಗುವಿನ ಹೆಸರಿನಲ್ಲಿ ಹೆದರಿಸಿ ಹೆಣ್ಣುಮಕ್ಕಳನ್ನು ಕ್ಲಿನಿಕ್‌ಗೆ ಕಳುಹಿಸುವುದು ನನಗೆ ಸರಿ ಕಾಣುವುದಿಲ್ಲ. ಅವಳಿಗೆ ನೋವಾಗುತ್ತದೆ, ಅವಳ ಹಲ್ಲು ಹೋಗುತ್ತದೆ. ಅಷ್ಟು ಕಾರಣ ಸಾಲದೇ?

ಬಾಯಿಯ ಶುದ್ಧಿ ನಮಗೆ ಹೊಸ ಪಾಠವೂ ಅಲ್ಲ. ಮಿಸ್ವಾಕ್‌ಗೆ ಪ್ರವಾದಿಯವರು ಕೊಟ್ಟ ಮಹತ್ವ ಎಷ್ಟೆಂದು ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ನಮ್ಮಲ್ಲಿ ಮಿಸ್ವಾಕ್ ಗಂಡಸರ ಕಿಸೆಯಲ್ಲಿ ಕಾಣುವಷ್ಟು ಹೆಂಗಸರ ಕೋಣೆಯಲ್ಲಿ ಕಾಣುವುದಿಲ್ಲ, ಅದು ಯಾಕೋ. ಮಿಸ್ವಾಕ್ ಮಾಡುವವರು ಮಾಡಲಿ, ಒಳ್ಳೆಯದೇ. ಅದರ ಜೊತೆಗೆ ಫ್ಲೋರೈಡ್ ಪೇಸ್ಟ್ ಕೂಡ ಇರಲಿ. ರಮಳಾನ್ ಬಂದಾಗ ಇನ್ನೊಂದು ಸಂಗತಿ. ಶಾಫಿಈ ಮದ್‌ಹಬ್‌ನಲ್ಲಿ ನೋಂಬುಗಾರರು ಮಧ್ಯಾಹ್ನ ದಾಟಿದ ಮೇಲೆ ಮಿಸ್ವಾಕ್ ಮಾಡುವುದು ಕರಾಹತ್ ಎಂದಿರುವುದರಿಂದ ನಮ್ಮವರು ಹಗಲಿಡೀ ಬ್ರಶ್ ಮುಟ್ಟುವುದಿಲ್ಲ. ಅದು ಸರಿಯೇ, ಆದರೆ ಇಫ್ತಾರ್‌ನ ಶರಬತ್ತು, ಸಮೋಸ, ಖರ್ಜೂರ, ತರಾವೀಹ್ ಮುಗಿದ ಮೇಲಿನ ಪಾಯಸ, ಇವಿಷ್ಟೂ ಆಗಿ ಹಾಗೆಯೇ ಮಲಗುತ್ತೇವಲ್ಲ, ಹಲ್ಲು ಹುಳುಕುವುದು ಅಲ್ಲಿ. ಮಲಗುವ ಮೊದಲು ಒಂದು ಸಲ, ಸಹ್ರಿ ಆಗಿ ಒಂದು ಸಲ ಬ್ರಶ್ ಮಾಡಲು ಯಾವ ಅಡ್ಡಿಯೂ ಇಲ್ಲ. ತನಗೋ ಮಗುವಿಗೋ ತೊಂದರೆ ಎಂದು ಭಯವಿರುವ ಗರ್ಭಿಣಿಗೆ ನೋಂಬು ಮುಂದೂಡಲು ದೀನ್‌ನಲ್ಲೇ ರಿಯಾಯಿತಿ ಉಂಟು. ನೋಂಬು ಹಿಡಿದವರು ಹಲ್ಲಿನ ಚಿಕಿತ್ಸೆಗೆ ರಾತ್ರಿಯ ಹೊತ್ತು ತೆಗೆದುಕೊಳ್ಳಬಹುದು, ಸಂಶಯವಿದ್ದರೆ ಉಸ್ತಾದರಲ್ಲಿ ಕೇಳಬಹುದು. ರಮಳಾನ್ ಕಳೆಯಲಿ ಎಂದು ಕೀವು ಕಟ್ಟಿಸಿಕೊಂಡು ಕೂರಬಾರದು.

ಬಾಣಂತನದಲ್ಲಿ ತಪ್ಪುವುದು ಇನ್ನೊಂದು ರೀತಿ. ಬೆಲ್ಲ, ತುಪ್ಪ, ಮೆಂತ್ಯೆ ಹಾಕಿ ಕಾಯಿಸಿದ ಲೇಹ್ಯ ದಿನಕ್ಕೆರಡು ಸಲ. ಹಲ್ಲಿಗೆ ಅಂಟಿ ಕೂರುವಂಥದ್ದು. ಅದೇ ಸಮಯದಲ್ಲಿ ತಣ್ಣೀರು ಮುಟ್ಟಬಾರದು, ಹಲ್ಲು ಸಡಿಲ ಇರುತ್ತದೆ, ತಿಕ್ಕಬಾರದು ಎಂಬ ಕಟ್ಟುನಿಟ್ಟು. ಲೇಹ್ಯ ಬೇಡವೆಂದು ನಾನು ಹೇಳುವುದಿಲ್ಲ, ಅದನ್ನು ಕಾಯಿಸುವವರ ಪ್ರೀತಿ ನನಗೆ ಗೊತ್ತು. ತಿಂದ ಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಬಾಯಿ ತೊಳೆಯಲಿ, ಅದೇ ನೀರಿನಲ್ಲಿ ಬ್ರಶ್ ಮಾಡಲಿ. ಬಾಣಂತಿಯನ್ನು ನೋಡಿಕೊಳ್ಳಲು ಬರುವವರಿಗೂ ಇದನ್ನು ಹೇಳಿಕೊಟ್ಟರೆ ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಆ ನಲ್ವತ್ತು ದಿನ ಅವರ ಮಾತೇ ಕಾನೂನು.

ತಾಯಿಯ ಬಾಯಿಯಿಂದ ಮಗುವಿನ ಬಾಯಿಗೆ ದೂರವೂ ಹೆಚ್ಚಿಲ್ಲ. ಹಲ್ಲು ಹುಳುಕಿಸುವ ಬ್ಯಾಕ್ಟೀರಿಯಾ ಮಗುವಿಗೆ ಸೇರುವುದು ಹೆಚ್ಚಾಗಿ ಮನೆಯವರ ಎಂಜಲಿನಿಂದ. ಅದೇ ಚಮಚದಲ್ಲಿ ರುಚಿ ನೋಡಿ ತಿನ್ನಿಸುವುದು, ಬಿದ್ದ ನಿಪ್ಪಲನ್ನು ಬಾಯಿಗೆ ಹಾಕಿ ಕೊಡುವುದು, ಅಗಿದು ಕೊಡುವುದು. ಮಗು ಹುಟ್ಟಿದಾಗ ಖರ್ಜೂರ ಅಗಿದು ಅದರ ಬಾಯಿಗೆ ಸವರುವ ತಹ್ನೀಕ್ ನಮ್ಮಲ್ಲಿ ಉಂಟು. ಆ ಸುನ್ನತ್ ಮಾಡುವ ಹಿರಿಯರ ವಸಡು, ಹಲ್ಲು ಆರೋಗ್ಯವಾಗಿರಲಿ, ಕೈ ತೊಳೆದಿರಲಿ, ಸವರುವುದು ಹೆಸರಿಗಷ್ಟೇ ಇರಲಿ. ಇದನ್ನು ಹೇಳಿದರೆ ಅಗೌರವ ಎಂದು ಯಾರೂ ತಿಳಿಯಬೇಕಾಗಿಲ್ಲ. ಖರ್ಜೂರದ ಬದಲು ಜೇನು ಮಾತ್ರ ಖಂಡಿತ ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ಅಪರೂಪದ, ಆದರೆ ಪ್ರಾಣಕ್ಕೇ ಬರುವ ಕಾಯಿಲೆ ತಗಲಬಹುದು.

ಡಾಕ್ಟರುಗಳ ಬಗ್ಗೆಯೂ ನನ್ನ ದೂರು ಉಂಟು. ಹೆರಿಗೆ ಡಾಕ್ಟರಲ್ಲಿ ಒಂಬತ್ತು ತಿಂಗಳು ಹೋಗುತ್ತೇವೆ. ಬಿಪಿ, ತೂಕ, ರಕ್ತ, ಸ್ಕ್ಯಾನ್, ಎಲ್ಲ ಆಗುತ್ತದೆ. ನನ್ನ ಮೂರು ಹೆರಿಗೆಯಲ್ಲಿ, ತಂಗಿಯ ಎರಡರಲ್ಲಿ, ಬಾಯಿ ತೆರೆ ನೋಡುವ ಎಂದು ಕೇಳಿದವರು ಒಬ್ಬರೂ ಇಲ್ಲ. ಹಲ್ಲಿನ ಡಾಕ್ಟರುಗಳಲ್ಲಿ ಕೆಲವರು ಹೊಟ್ಟೆ ಕಂಡರೆ ಹಿಂದೆ ಸರಿಯುತ್ತಾರೆ. ಏನಾದರೂ ಆದರೆ ಜನ ತಮ್ಮ ಮೇಲೆ ಬೀಳುತ್ತಾರೆ ಎಂಬ ಭಯ ಅವರಿಗೆ. ಆ ಭಯ ಸುಳ್ಳು ಎನ್ನುವಂತಿಲ್ಲ, ನಮ್ಮ ಜನ ಕ್ಲಿನಿಕ್ ಎದುರು ಗಲಾಟೆ ಮಾಡಿದ್ದೂ ಉಂಟು. ಹಾಗೆಂದು ಕೀವು ತುಂಬಿದ ಬಾಯಿಯನ್ನು ನೋಡದೆ ವಾಪಸ್ ಕಳುಹಿಸುವುದು ಸರಿಯಲ್ಲ. ಹಾಗೆ ಹೇಳಿದರೆ ಹೊರಟು ಬರಬೇಡಿ. "ನಮ್ಮ ಹೆರಿಗೆ ಡಾಕ್ಟರಲ್ಲಿ ಒಮ್ಮೆ ಫೋನಿನಲ್ಲಿ ಮಾತಾಡಿ" ಎಂದು ಕೇಳಿ. ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್, ತಿನ್ನುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಆಗಲೂ ಒಪ್ಪದಿದ್ದರೆ ಬೇರೆ ಕಡೆ ಹೋಗಿ.

ನಮ್ಮ ಜಿಲ್ಲೆಯಲ್ಲಿ ಬೇರೆ ಕಡೆಗೆ ಕೊರತೆ ಇಲ್ಲ. ದೇರಳಕಟ್ಟೆ ಒಂದೇ ಊರಿನಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ. ಮಂಗಳೂರು ಪೇಟೆಯಲ್ಲಿ, ಕುಂಟಿಕಾನದಲ್ಲಿ, ಮುಕ್ಕದಲ್ಲಿ, ಸುಳ್ಯದಲ್ಲಿ ಇವೆ. ಕಾಲೇಜು ಆಸ್ಪತ್ರೆಗಳಲ್ಲಿ ಹೊರಗಿನ ಕ್ಲಿನಿಕ್‌ಗಿಂತ ಖರ್ಚು ಕಡಿಮೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ, ಬೆಳಗ್ಗೆ ಬೇಗ ಹೋಗಬೇಕು. ಲೇಡಿ ಡಾಕ್ಟರ್ ಬೇಕು ಎಂಬ ನೆಪವೂ ಅಲ್ಲಿ ನಡೆಯುವುದಿಲ್ಲ. ಡೆಂಟಲ್ ಕಲಿಯುತ್ತಿರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಅದರಲ್ಲಿ ನಮ್ಮ ಸಮುದಾಯದ ಹುಡುಗಿಯರೂ ಎಷ್ಟೋ ಮಂದಿ. ಸರಕಾರಿ ತಾಲೂಕು ಆಸ್ಪತ್ರೆಯಲ್ಲೂ ಹಲ್ಲಿನ ವಿಭಾಗ ಉಂಟು. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ, 2016ರಿಂದ ಇದು ಇಡೀ ದೇಶದಲ್ಲಿ ಇದೆ. ಅಂದು ಹೋದಾಗ ಹಲ್ಲನ್ನೂ ತೋರಿಸಬೇಕು ಎಂದು ಆಶಾ ಕಾರ್ಯಕರ್ತೆಯಲ್ಲಿ ಮೊದಲೇ ಹೇಳಿಡಿ.

ಜಮಾಅತ್‌ಗಳಲ್ಲಿ, ಸಂಘಟನೆಗಳಲ್ಲಿ ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಎಷ್ಟು ಚೆನ್ನಾಗಿ ನಡೆಯುತ್ತವೆ ಎಂದು ನಾವು ನೋಡುತ್ತೇವೆ. ಅಂಥ ಒಂದು ಶಿಬಿರದಲ್ಲಿ ಅರ್ಧ ದಿನ ಗರ್ಭಿಣಿಯರ ಹಲ್ಲಿಗೆ ಇಡಬಹುದು, ಮದ್ರಸದ ಕೋಣೆಯೇ ಸಾಕು. ಅದಕ್ಕಿಂತ ಮೊದಲಿನ ಕೆಲಸವೊಂದು ಉಂಟು. ನಿಕಾಹ್ ನಿಶ್ಚಯವಾದ ಮೇಲೆ ಬಟ್ಟೆ, ಚಿನ್ನ, ಹಾಲ್, ಮೆಹಂದಿ, ಫೋಟೊದವರು ಎಂದು ಪಟ್ಟಿ ಮಾಡುತ್ತೇವಲ್ಲ, ಆ ಪಟ್ಟಿಯಲ್ಲಿ ಹುಡುಗಿಯ ಹಲ್ಲು ಒಮ್ಮೆ ತೋರಿಸುವುದನ್ನು ಸೇರಿಸಿ. ಫೋಟೊಕ್ಕೆ ಹಲ್ಲು ಬಿಳಿ ಮಾಡಿಸುವವರು ಈಗ ಬಹಳ ಇದ್ದಾರೆ, ಹಿಂದಿನ ದವಡೆಯ ಹುಳುಕು ಫೋಟೊದಲ್ಲಿ ಕಾಣುವುದಿಲ್ಲ ಎಂದು ಅದನ್ನು ಮಾತ್ರ ಬಿಡುತ್ತಾರೆ. ಐದನೇ ತಿಂಗಳಲ್ಲಿ ರಾತ್ರಿ ಎಬ್ಬಿಸಿ ಕೂರಿಸುವುದು ಆ ಹಲ್ಲೇ.

ಅಕ್ಕನ ಮಗಳಿಗೆ ಈಗ ಎರಡನೆಯದು, ನಾಲ್ಕೂವರೆ ತಿಂಗಳು. ಹೋದ ತಿಂಗಳು ಬ್ರಶ್ ಮಾಡುವಾಗ ರಕ್ತ ಬಂತಂತೆ. ಗಂಡ ಈ ಸಲ ಊರಲ್ಲಿಲ್ಲ, ಜುಬೈಲ್‌ನಲ್ಲಿದ್ದಾನೆ. ಅವನಿಗೆ ಸುದ್ದಿ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಮಾಮಿಯೇ ರಿಕ್ಷಾ ಮಾಡಿಸಿ ದೇರಳಕಟ್ಟೆಗೆ ಕರಕೊಂಡು ಹೋದರು. ಕ್ಲೀನ್ ಮಾಡಿ, ಒಂದು ಹುಳುಕು ತುಂಬಿಸಿ, ಮಧ್ಯಾಹ್ನಕ್ಕೆ ಬಿಟ್ಟರು. ಕಾಯುತ್ತಾ ಕುಳಿತಿದ್ದ ಮಾಮಿಯನ್ನು ಅಲ್ಲಿನ ಹುಡುಗಿಯೊಬ್ಬಳು "ನಿಮ್ಮದೂ ಒಮ್ಮೆ ನೋಡುವ ಉಮ್ಮ" ಎಂದು ಕುರ್ಚಿಗೆ ಕರೆದಳು. ಮಾಮಿಗೆ ಎರಡು ಹಲ್ಲು ಕೀಳಿಸಲಿಕ್ಕೆ ಉಂಟಂತೆ. ಮುಂದಿನ ಮಂಗಳವಾರ ಬರಲು ಹೇಳಿದ್ದಾರೆ, ಈ ಸಲ ಜೊತೆಗೆ ಹೋಗುವುದು ಸೊಸೆ.